ನನ್ನ ಗೈಡು, ನನ್ನ ಶಿಷ್ಯ ಮತ್ತು ಅಂಟದ ಅಣು

ಐವತ್ತರ ಹತ್ತಿರ ಬಂದಾಗ ಎಲ್ಲರಿಗೂ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಕೆರೆಯ ಏರಿ ಮೇಲೆ ಸುತ್ತು ಹಾಕುತ್ತಾರೆ, ಕೆಲವರು ವೀಣೆ ಪಾಠಕ್ಕೆ ಸೇರುತ್ತಾರೆ. ನಾನು ಪಿಎಚ್‌.ಡಿ.ಗೆ ಸೇರಿಬಿಟ್ಟೆ. ಅದಾದರೂ ಪರವಾಗಿಲ್ಲ, ನನಗೆ ಸಿಕ್ಕಿದ ಗೈಡು ಮಂಜುನಾಥ. ಅಗ್ರಹಾರದ ಕಾಲೇಜಿನಲ್ಲಿ ನನ್ನ ಹತ್ತಿರವೇ ಪಿಯುಸಿ ಕೆಮಿಸ್ಟ್ರಿ ಕಲಿತವನು. ಈಗ ಅವನನ್ನು ಎಲ್ಲರೆದುರು 'ಸಾರ್' ಅನ್ನಬೇಕು. ಅವನೋ ನನ್ನನ್ನು ಕಂಡ ತಕ್ಷಣ ಕುರ್ಚಿಯಿಂದ ಏಳುತ್ತಾನೆ. ಗೈಡು ನಿಂತಿರುವಾಗ ನಾನು ಕೂರುವುದು ಹೇಗೆ? ಹೀಗಾಗಿ ನಮ್ಮ ಸಂಶೋಧನೆ ಬಹುಪಾಲು ನಿಂತುಕೊಂಡೇ ಸಾಗಿತ್ತು.

ಅಮೃತಬಳ್ಳಿಯಲ್ಲಿರುವ ಒಂದು ಅಣು, ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟ ಒಂದು ಪ್ರೋಟೀನಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದು ನನ್ನ ಕೆಲಸ. ಎರಡನ್ನೂ ಒಂದು ಪೆಟ್ಟಿಗೆ ನೀರಿನಲ್ಲಿ ಬಿಟ್ಟು ಕುಣಿಸಬೇಕು. ಪೆಟ್ಟಿಗೆ, ನೀರು, ಕುಣಿತ ಎಲ್ಲವೂ ಕಂಪ್ಯೂಟರಿನೊಳಗಿನವೇ. ಕೊನೆಗೆ ಬರುವ ಶಕ್ತಿಯ ಅಂಕಿ ಮೈನಸ್‌ನಲ್ಲಿರಬೇಕು. ಮೈನಸ್ ದೊಡ್ಡದಾದಷ್ಟೂ ಅಂಟು ಗಟ್ಟಿ. ಸಕ್ಕರೆ ಕಾಯಿಲೆಯಿರುವ ನಮ್ಮತ್ತೆಗೆ ಇದರಲ್ಲಿ ನನಗಿಂತ ಹೆಚ್ಚು ಆಸಕ್ತಿ. ಕುವೆಂಪುನಗರದ ಮನೆ ಮುಂದೆ ನಾನು ಸ್ಕೂಟರ್ ನಿಲ್ಲಿಸುವ ಮೊದಲೇ, "ಅಂಟ್ಕೊಳ್ತಾ ಅಮ್ಮಾ?" ಎಂದು ಕೇಳುತ್ತಿದ್ದರು.

ಅಂಟಿಕೊಳ್ಳಲಿಲ್ಲ. ಸೋಮವಾರ ನನ್ನ ಸೆಮಿನಾರು, ಬಂದಿದ್ದ ಅಂಕಿ ಸೊನ್ನೆಗೆ ತೀರಾ ಹತ್ತಿರ. ಅದನ್ನು ಹಿಡಿದುಕೊಂಡು ವಿಭಾಗದವರ ಎದುರಿಗೆ ನಿಂತರೆ, ಈ ಅಣು ಬಿಟ್ಟು ಬೇರೆ ಹುಡುಕಿ ಎನ್ನುತ್ತಾರೆ. ಮಾಡಿದ್ದೆಲ್ಲ ನೀರುಪಾಲು. ಹಾಗೆಂದು ಶಿಷ್ಯನ ಮುಂದೆ 'ಗೊತ್ತಾಗ್ತಿಲ್ಲ' ಎನ್ನಲು ಬಾಯಿ ಬರಲಿಲ್ಲ. ನೀರಿನಲ್ಲಿ ಉಪ್ಪು ಬದಲಿಸಿದೆ. ಅಣುವಿನ ವಿದ್ಯುದಂಶವನ್ನು ಮತ್ತೆ ಲೆಕ್ಕ ಹಾಕಿದೆ. ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿದೆ. ಕಂಪ್ಯೂಟರಿಗೆ ಕುಂಕುಮ ಇಟ್ಟ ವಿಷಯವನ್ನು ಇಲ್ಲಿ ಬರೆಯುವುದು ಬೇಡ. ಸೊನ್ನೆ ಅಲ್ಲಾಡಲಿಲ್ಲ. ಮಂಜು ದಿನಾ ಬಂದು, ಪರದೆ ನೋಡಿ, ಚೆನ್ನಾಗಿ ಹೋಗ್ತಿದೆ ಎಂದು ಹೇಳಿ ಹೊರಟುಬಿಡುತ್ತಿದ್ದ. ಪಾಠ ಹೇಳಿಕೊಟ್ಟವರ ತಪ್ಪು ಎತ್ತಿ ತೋರಿಸುವುದು ಹೇಗೆಂದು ಅವನೂ ಒದ್ದಾಡುತ್ತಿದ್ದನೆಂದು ನನಗೇನು ಗೊತ್ತು?

ಶನಿವಾರ ಊಟ ಮುಗಿಸಿ ಬಂದರೆ ಮಂಜು ನನ್ನ ಕಂಪ್ಯೂಟರಿನ ಮುಂದೆ ಕೂತಿದ್ದಾನೆ, ನಾನು ಬರುವುದರೊಳಗೆ ಗುಟ್ಟಾಗಿ ಸರಿಮಾಡಲು. ನನ್ನನ್ನು ಕಂಡು ಗಾಬರಿಯಿಂದ ಎದ್ದ. ನೀವು ಕೂತ್ಕೊಳಿ, ಇಲ್ಲ ನೀವು ಕೂತ್ಕೊಳಿ ಎಂದು ಸ್ವಲ್ಪ ಹೊತ್ತು ಹಗ್ಗಜಗ್ಗಾಟವಾಗಿ, ಕೊನೆಗೆ ಮೂಲೆಯ ಬೆಂಚನ್ನೇ ಎಳೆದುಕೊಂಡು ಇಬ್ಬರೂ ಕೂತೆವು. ಅಂಕಿ ಬಿಟ್ಟು ಒಮ್ಮೆ ಚಿತ್ರ ನೋಡೋಣವೇ ಎಂದು ಮೆಲ್ಲಗೆ ಕೇಳಿದ. ಅಣುಗಳ ಓಡಾಟವನ್ನು ಸಿನಿಮಾದಂತೆ ತೋರಿಸುವ ವ್ಯವಸ್ಥೆ ಉಂಟು. ಅಂಕಿಯ ಚಿಂತೆಯಲ್ಲಿ ನಾನು ಅದನ್ನು ತೆರೆದೇ ಇರಲಿಲ್ಲ. ತೆರೆದರೆ, ಪ್ರೋಟೀನು ಪೆಟ್ಟಿಗೆಯ ಎಡಗೋಡೆಗೆ ಒರಗಿದೆ, ನನ್ನ ಅಣು ಬಲಗೋಡೆಯ ಹತ್ತಿರ ಒಂಟಿಯಾಗಿ ನಿಂತಿದೆ. ಬಿಟ್ಟೇ ಹೋಗಿದೆ ಎಂದುಕೊಂಡೆ. ಮಂಜು ನಗಲು ಶುರುಮಾಡಿದ. ಈ ಪೆಟ್ಟಿಗೆಗೆ ನಿಜವಾದ ಗೋಡೆಗಳಿಲ್ಲ. ಎಡಗಡೆ ದಾಟಿದ್ದು ಬಲಗಡೆಯಿಂದ ಒಳಗೆ ಬರುತ್ತದೆ. ನನ್ನ ಅಣು ಪ್ರೋಟೀನಿಗೆ ಅಂಟಿಕೊಂಡೇ ಎಡಗೋಡೆಯ ಆಚೆ ಇಣುಕಿತ್ತು, ಹಾಗಾಗಿ ಬಲಗಡೆ ಕಾಣಿಸುತ್ತಿತ್ತು. ಲೆಕ್ಕಕ್ಕೆ ಮೊದಲು ಎರಡನ್ನೂ ಜೊತೆಗೂಡಿಸಿ ನಡುವೆ ತಂದುಕೊಳ್ಳಬೇಕು. ಅದಕ್ಕೆಂದು ಬರೆಯಬೇಕಾದ ಒಂದು ಸಾಲನ್ನು ನಾನು ಬಿಟ್ಟಿದ್ದೆ.

ಸಾಲು ಸೇರಿಸಿ, ಆಗಲೇ ಮುಗಿದಿದ್ದ ಕುಣಿತದ ಮೇಲೆ ಲೆಕ್ಕವನ್ನಷ್ಟೇ ಮತ್ತೆ ಹಚ್ಚಿ, ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಬಂದೆವು. ಮೈನಸ್ ಮೂವತ್ತರ ಆಸುಪಾಸು! ಪಕ್ಕದಲ್ಲಿ ಬೇರೆಯವರಿದ್ದಾರೆಂಬುದನ್ನೂ ಮರೆತು, "ಅಂಟ್ಕೊಂಡ್ಬುಟ್ಟಿದೆ ಕಣೋ ಮಂಜು" ಎಂದು ಅವನ ಬೆನ್ನಿಗೊಂದು ಗುದ್ದಿದೆ. ಗೈಡಿಗೆ ಗುದ್ದಿದ ವಿದ್ಯಾರ್ಥಿನಿ ಆ ವಿಭಾಗದಲ್ಲಿ ನಾನೇ ಮೊದಲಿರಬೇಕು. ಅವನಿಗೂ ಹದಿನೇಳರ ನಗು ಬಂದಿತ್ತು. ಅತ್ತೆಗೆ ಫೋನ್ ಮಾಡಿ ಹೇಳಿದೆ. ಮೈನಸ್ ಬಂದರೆ ಇಷ್ಟು ಕುಣಿಯುವವರನ್ನು ಕಂಡಿಲ್ಲ ಎಂದ ಅವರು, ಮರುಕ್ಷಣವೇ, ಹೇಗೂ ಔಷಧಿ ಸಿಕ್ಕಿತಲ್ಲ, ಬರುವಾಗ ಕಾಲು ಕೇಜಿ ಮೈಸೂರು ಪಾಕ್ ತಂದ್ಬುಡು ಎಂದರು.

ಚೀಲ ಹೆಗಲಿಗೇರಿಸಿ ಹೊರಟಾಗ ಮಂಜು ಸಣ್ಣಗೆ ಕೆಮ್ಮಿದ. ಸೆಮಿನಾರಿನಲ್ಲಿ ಇದನ್ನು ತೋರಿಸಬಹುದು, ಆದರೆ ಪ್ರಬಂಧಕ್ಕೆ ಇಡೀ ಕುಣಿತವನ್ನು ಮೊದಲಿಂದ ಇನ್ನೆರಡು ಸಲ ಓಡಿಸಬೇಕು ಎಂದ. ಒಂದು ಸಲಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಇಷ್ಟು ಚೆನ್ನಾಗಿ ಅಂಟಿಕೊಂಡಿದೆಯಲ್ಲ, ಒಂದೇ ಸಾಲದೇ ಎಂದು ಗೋಗರೆದೆ.

ಅವನು ತಲೆ ತಗ್ಗಿಸಿ, ಬಹಳ ವಿನಯದಿಂದ ಹೇಳಿದ: "ಪಿಯುಸಿ ಲ್ಯಾಬಿನ ಟೈಟ್ರೇಷನ್‌ನಲ್ಲಿ ಒಂದೇ ರೀಡಿಂಗ್ ತಂದ್ರೆ ವಾಪಸ್ ಕಳಿಸಿ ಮೂರು ಸಲ ಮಾಡ್ಸೋರು ನೀವೇ ಅಲ್ವಾ, ಮಿಸ್."

ಹುಡುಗರಿಗೆ ಇಷ್ಟು ಚೆನ್ನಾಗಿ ಪಾಠ ಮಾಡಬಾರದಿತ್ತು ಎಂದುಕೊಳ್ಳುತ್ತಾ ಚೀಲವನ್ನು ಕೆಳಗಿಳಿಸಿದೆ.