ಬೇಕರಿಯಲ್ಲಿ ಸಿಕ್ಕ ಭೂತಾಪ

ಭೂಮಿಯೊಳಗಿನ ಶಾಖದಿಂದ ವಿದ್ಯುತ್ ತೆಗೆಯುವ ಭೂತಾಪ ಇಲಾಖೆಯು ಹನ್ನೊಂದು ವರ್ಷ ಹುಡುಕಿದ ಮೇಲೆ ಆ ಶಾಖ ಒಂದು ಬೇಕರಿಯಲ್ಲಿ ಸಿಕ್ಕಿತು. ಇದನ್ನು ನನಗೆ ಮೊದಲು ಹೇಳಿದವರು ಅದನ್ನು ಕಂಡುಹಿಡಿದ ನಕ್ಷೆಗಾರರೇ. ತಮ್ಮ ಪೆದ್ದತನವನ್ನು ಎಳ್ಳಷ್ಟೂ ಬಚ್ಚಿಡದೆ ಹೇಳಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಬಿಸಿಲಿನ ಕಾವು ಬೆರೆಯಬಾರದೆಂದು ಉಪಗ್ರಹದ ಶಾಖಚಿತ್ರವನ್ನು ಸೂರ್ಯ ಹುಟ್ಟುವ ಮೊದಲೇ ತೆಗೆಸುವುದು ಪದ್ಧತಿ. ಬೇಕರಿಯವರು ಸೌದೆ ಒಲೆ ಹೊತ್ತಿಸುವುದೂ ಆ ಹೊತ್ತಿಗೇ. ಚಿತ್ರದಲ್ಲಿ ಕೆಂಪು ಚುಕ್ಕೆ ಕಂಡದ್ದೇ ತಡ, ನಕ್ಷೆಗಾರರು 'ಅತ್ಯುತ್ತಮ ಭೂತಾಪ' ಎಂದು ಬರೆದು ಸಹಿ ಹಾಕಿದರು. ಆಗ ಅವರು ಜಗಿಯುತ್ತಿದ್ದದ್ದು ಅದೇ ಒಲೆಯ ಬನ್ನು. ಬೇಕರಿ ಅವರ ಸ್ವಂತ ತಂಗಿಯದು.

ಒಲೆ ಒಡೆದು ಅಲ್ಲೇ ಸಾವಿರ ಅಡಿ ಕೊರೆಯುತ್ತೇವೆಂಬ ನೋಟಿಸು ಹಿಡಿದು ತಂಗಿ ಕಚೇರಿಗೇ ಬಂದಳು.

"ಅಣ್ಣ, ಮೇಲಿಂದ ನೋಡಿದ್ರೆ ನಾನು ಜ್ವಾಲಾಮುಖಿ ಥರ ಕಾಣ್ತೀನಾ?"

"ನಿನ್ನ ಗಂಡಾನೂ ಹಾಗೇ ಅಂತಿರ್ತಾರೆ."

"ತಮಾಷೆ ಸಾಕು. ಆ ಒಲೆ ಹೋದ್ರೆ ನಾವು ಐದು ಜನ ಏನು ತಿನ್ನೋದು?"

ನಕ್ಷೆಗಾರರ ಮುಖ ಸಪ್ಪಗಾಯಿತು. ಸಾಹೇಬರ ಮುಂದೆ ಹೋಗಿ, "ಸಾರ್, ಅದು ಬ್ರೆಡ್ ಸುಡೋ ಒಲೆ. ತಪ್ಪು ನನ್ನದೇ" ಎಂದರು.

"ನಿಮ್ಮದು ಅಂತ ನೀವು ಹೇಳಿದ್ರೆ ಆಯ್ತೇನ್ರೀ? ಆ ನಕ್ಷೆಗೆ ಏಳು ಜನ ಸಹಿ ಹಾಕಿದೀವಿ. ನಿಯಮ ಓದಿ."

ನಿಯಮ ಹೀಗಿತ್ತು: 'ಮಂಜೂರಾದ ನಕ್ಷೆಗೂ ನೆಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ನೆಲವನ್ನು ಸರಿಪಡಿಸತಕ್ಕದ್ದು.'

ನಕ್ಷೆಗಾರರು ಅದನ್ನು ಮೂರು ಸಲ ಓದಿದರು. "ಹಾಗಾದ್ರೆ ಸಾರ್, ಒಲೆ ಒಡೆದ್ರೆ ಮುಂದಿನ ಚಿತ್ರದಲ್ಲಿ ಚುಕ್ಕೆ ಇರಲ್ಲ. ನಕ್ಷೆ ಸುಳ್ಳಾಗುತ್ತೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಒಲೆ ಆರಬಾರದು ಕಣ್ರೀ."

ಮರುದಿನವೇ ಪ್ರಕಟಣೆ ಹೊರಟಿತು: 'ಸದರಿ ಒಲೆಯನ್ನು ಭೂಮಿಯ ಅಂಗವೆಂದು ಪರಿಗಣಿಸಲಾಗಿದೆ. ಅದನ್ನು ಯಾರೂ ಒಡೆಯಕೂಡದು, ಆರಿಸಕೂಡದು.' ಕೊರೆಯುವ ಯಂತ್ರ ಬಂದ ದಾರಿಯಲ್ಲೇ ವಾಪಸಾಯಿತು. ಶಾಖ ಅಳೆಯಲು ನಕ್ಷೆಗಾರರನ್ನೇ ಅಲ್ಲಿಗೆ ನೇಮಿಸಿದರು. ಗಂಟೆಗೊಮ್ಮೆ ಅಳೆದು ಬರೆಯುತ್ತಾರೆ. ನಡುವೆ ತಂಗಿ ಹೇಳಿದಷ್ಟು ಹಿಟ್ಟು ನಾದುತ್ತಾರೆ. "ಅಷ್ಟೆಲ್ಲ ಓದಿದ್ದು ಈಗ ಉಪಯೋಗಕ್ಕೆ ಬಂತು ನೋಡು" ಎನ್ನುತ್ತಾಳೆ ಅವಳು, ಅವರು ಇಲ್ಲವೆನ್ನುವುದಿಲ್ಲ. ದೂರದ ಭೂವಿಜ್ಞಾನಿಗಳು ಬಂದು, ಬನ್ನು ತಿಂದು, ನೆಲದಾಳದ ಶಾಖ ಇಷ್ಟು ಹದವಾಗಿ ಬೇರೆಲ್ಲೂ ಇಲ್ಲವೆಂದು ವರದಿ ಬರೆದುಕೊಟ್ಟಿದ್ದಾರೆ.

ಕೇಳಿದವರು ಇನ್ನು ನಾಲ್ಕು ಜನಕ್ಕೆ ಹೇಳಿ, ಪುಣ್ಯ ಬರುತ್ತದೆ. ಸೌದೆಯ ಮಾತು ಮಾತ್ರ ಎತ್ತಬೇಡಿ. ಕಡತದಲ್ಲಿ ಸೌದೆ ಇಲ್ಲ.