ಶಿವರಾಮ ಮೇಷ್ಟ್ರ ಡೇರೆ ಮಂಟಪ

"ನನ್ನ ಮಗಳ ಮದುವೆ ಮಂಟಪಕ್ಕೆ ಪ್ಲಾಸ್ಟಿಕ್ ಹೂವಿನ ಒಂದೇ ಒಂದು ಎಸಳು ಬಂದ್ರೂ ನಾನು ಶಿವರಾಮನೇ ಅಲ್ಲ!"

ಈ ಭೀಷ್ಮ ಪ್ರತಿಜ್ಞೆ ಹೊರಬಿದ್ದದ್ದು ಹೊಸನಗರದ ಬೀಗರ ಮನೆಯ ಜಗಲಿಯಲ್ಲಿ, ಹತ್ತು ಜನರ ಎದುರು, ಎರಡನೇ ಲೋಟ ಕಾಫಿ ಒಳಗೆ ಹೋದ ಮೇಲೆ. ಪ್ರತಿಜ್ಞೆ ಮಾಡಿದವರು ಸಾಗರದ ಹೊಳೆಬಾಗಿಲು ರಸ್ತೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸೀಟಿ ಊದುತ್ತಿರುವ ಡ್ರಿಲ್ ಮೇಷ್ಟ್ರು ಶಿವರಾಮ. ಅವರಿಗೆ ಇಷ್ಟು ಕೋಪ ಬರಲು ಕಾರಣ ಬೀಗಿತ್ತಿ ವಿಶಾಲಮ್ಮನವರ ಒಂದು ಸಣ್ಣ ಸಲಹೆ.

"ಶಿವಮೊಗ್ಗದ ಡೆಕೋರೇಷನ್ನವ್ರು ಭಾರೀ ಚಂದ ಮಾಡ್ತಾರಂತೆ ಬೀಗರೆ. ನೋಡಿದ್ರೆ ನಿಜವಾದ ಹೂವೇ ಅನ್ಸುತ್ತಂತೆ," ಎಂದಿದ್ದರು ಪಾಪ ಅವರು.

"ಅನ್ಸೋದೆಂತಕ್ಕೆ? ಶ್ರಾವಣದಲ್ಲಿ ಮದುವೆ! ನಮ್ಮೂರಲ್ಲಿ ಮನೆಮನೆ ಅಂಗಳದಲ್ಲೂ ಡೇರೆ ಅರಳಿರುತ್ತೆ. ಧಾರೆ ಹೊತ್ತಿಗೆ ಮಂಟಪ ನೋಡಿ ನೀವೇ ಭೇಷ್ ಅನ್ಬೇಕು. ಅನ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ತೀನಿ!"

ಪೇಟೆಯವರು ಡೇಲಿಯಾ ಎನ್ನುವ ಹೂವೇ ನಮ್ಮ ಕಡೆಯ ಡೇರೆ. ಮೇಷ್ಟ್ರು ಹೂವಿನ ಬಗ್ಗೆ ಹೇಳಿದ್ದು ಸುಳ್ಳಲ್ಲ. ಆದರೆ ಹೂವಿನ ಒಡತಿಯರ ಬಗ್ಗೆ ಅವರಿಗೆ ಏನೇನೂ ತಿಳಿದಿರಲಿಲ್ಲ. ನಮ್ಮ ಹೆಂಗಸರ ಹತ್ತಿರ ಮದುವೆಗೆ ಹಾಕಿಕೊಂಡು ಹೋಗಲು ಬಂಗಾರದ ಸರ ಕೇಳಿ, ಬಿಚ್ಚಿ ಕೊಟ್ಟಾರು. ಅಪರೂಪದ ಬಣ್ಣದ ಡೇರೆಯ ಗಡ್ಡೆ ಕೇಳಿ ನೋಡಿ! "ಅಯ್ಯೋ, ಈ ವರ್ಷ ಗಡ್ಡೆ ಎಲ್ಲ ಕೊಳ್ತು ಹೋಯ್ತು ಮಾರಾಯ್ತಿ" ಎಂಬ ಒಂದೇ ಉತ್ತರ ಸಾಗರದಿಂದ ತೀರ್ಥಹಳ್ಳಿಯವರೆಗೆ ಎಲ್ಲ ಮನೆಯಲ್ಲೂ ಸಿಗುತ್ತದೆ. ಹಾಗೆಂದವರ ಅಂಗಳದಲ್ಲಿ ಮುಂದಿನ ಶ್ರಾವಣಕ್ಕೆ ಅದೇ ಕೊಳೆತ ಗಡ್ಡೆ ತಟ್ಟೆಯಗಲದ ಹೂ ಬಿಟ್ಟು ನಗುತ್ತಿರುತ್ತದೆ.

ಮೇಷ್ಟ್ರು ಹಾಜರಿ ಪುಸ್ತಕದಂಥ ಒಂದು ಪುಸ್ತಕ ಹಿಡಿದು ಮನೆಮನೆಗೆ ಹೊರಟರು. ಮೊದಲ ಭೇಟಿ ಪಕ್ಕದ ಮನೆಯ ಕೆರಿಯಮ್ಮನಿಗೆ. ಈಕೆಯ ಅಂಗಳದ ಹಳದಿ ಡೇರೆಯನ್ನು ನೋಡಲು ಸಿಗಂದೂರಿಗೆ ಹೋಗುವವರೂ ಗಾಡಿ ನಿಲ್ಲಿಸುತ್ತಿದ್ದರು.

"ಹೂವಾ? ಇನ್ನು ಯಾರ್ಯಾರು ಕೊಡ್ತಿದಾರೆ ಮೇಷ್ಟ್ರೆ?" ಕೆರಿಯಮ್ಮ ಹುಬ್ಬು ಗಂಟಿಕ್ಕಿದಳು.

"ನಮ್ಮ ಹೆಡ್‌ಮಾಷ್ಟ್ರ ಮನೆಯವ್ರು, ನಾಗರತ್ನಮ್ಮ, ನೇರಳೆ ಡೇರೆ ಕೊಡ್ತಾರೆ," ಎಂದು ಮೇಷ್ಟ್ರು ಇನ್ನೂ ಕೇಳಿಯೇ ಇರದ ಹೂವನ್ನು ಧೈರ್ಯವಾಗಿ ಕೊಟ್ಟುಬಿಟ್ಟರು.

"ತೀರ್ಥಹಳ್ಳಿ ತವರಿಂದ ತಂದಿದ್ದಾ? ಬಿಳಿ ಅಂಚಿಂದಾ? ಕಡ್ಡಿ ಸಮೇತನಾ?"

"ಒಂದೂವರೆ ಅಡಿ ಕಡ್ಡಿ! ಎಲೆ, ಚಿಗುರು ಎಲ್ಲ ಸಮೇತ!"

"ಹಂಗಾರೆ ನನ್ನದೂ ಬರ್ಕಳಿ. ಎಷ್ಟು ಬೇಕು ಅಷ್ಟು ಕೊಯ್ಕಂಡು ಹೋಗಿ!"

ನಾಗರತ್ನಮ್ಮನವರ ಮನೆಯಲ್ಲೂ ಇದೇ ಆಯಿತು. ಮೊದಲು, "ಹೂ ಸರಿಯಾಗಿ ಬಿಟ್ಟೇ ಇಲ್ಲ ಈ ಸಲ" ಎಂದವರು ಕೆರಿಯಮ್ಮನ ಹಳದಿಯ ಹೆಸರು ಕೇಳಿದ್ದೇ ತಡ, ಮೇಷ್ಟ್ರಿಗೆ ಕೂರಲು ಕುರ್ಚಿ, ಕುಡಿಯಲು ಎರಡನೇ ಬಾರಿ ಕಷಾಯ ಎಲ್ಲ ಕೊಟ್ಟರು. ವಾರ ಕಳೆಯುವುದರೊಳಗೆ ಪುಸ್ತಕದಲ್ಲಿ ಮೂವತ್ತನಾಲ್ಕು ಹೆಸರು! ಇದೆಲ್ಲ ತಮ್ಮ ವ್ಯಕ್ತಿತ್ವದ ಪ್ರಭಾವ ಎಂದು ಮೇಷ್ಟ್ರು ಮನಸ್ಸಿನಲ್ಲೇ ಬೀಗಿದರು.

ಹೆಂಡತಿ ಪ್ರತಿಮಾ ಮಾತ್ರ ಪುಸ್ತಕ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ರೀ, ಹೂ ಕೊಡ್ತಾರೆ. ಅದಲ್ಲ ವಿಷಯ."

"ಮತ್ತೆ ಎಂತದು ವಿಷಯ?"

"ಕಡ್ಡಿ ಮೋಟು ಮಾಡಿ ಕೊಯ್ಸಿ. ಬರೀ ಹೂ ಸಾಕು. ಚಿಗುರುಗಿಗುರು ಎಂತದೂ ಬ್ಯಾಡ."

"ನಿಂಗೊತ್ತಿಲ್ಲ ಸುಮ್ನಿರು. ನಾನು ವಿಡಿಯೊ ನೋಡಿದೀನಿ. ಕಡ್ಡಿ ಉದ್ದ ಇದ್ರೆ ನೀರು ಎಳ್ಕಳತ್ತೆ, ಎರಡು ದಿನ ಆದ್ರೂ ಹೂ ಬಾಡೋದಿಲ್ಲ."

"ವಿಡಿಯೊ ಮಾಡಿದವ್ರು ನಮ್ಮೂರಿನ ಹೆಂಗಸ್ರನ್ನ ನೋಡಿಲ್ಲ," ಎಂದು ಪ್ರತಿಮಾ ಒಳಗೆ ಹೋದರು.

ಮದುವೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಸಾಗರದ ಕಲ್ಯಾಣ ಮಂಟಪದೊಳಗೆ ಕಾಲಿಟ್ಟವರೆಲ್ಲ ಬಾಯಿ ತೆರೆದು ನಿಂತರು. ಬಿದಿರಿನ ಚಪ್ಪರಕ್ಕೆ ಹುಲ್ಲು ಕಟ್ಟಿ, ಅದರ ತುಂಬ ಡೇರೆ! ಹಳದಿ, ನೇರಳೆ, ಗುಲಾಬಿ, ಕೆಂಪಿನ ಮೇಲೆ ಬಿಳಿ ಗೀರು ಎಳೆದದ್ದು, ಹೆಸರೇ ಇಲ್ಲದ ಬಣ್ಣದ್ದು. ಮೇಷ್ಟ್ರು ಎದೆಯುಬ್ಬಿಸಿ ಮೀಸೆ ತಿರುವಿದರು. ನಿಜ ಹೇಳಬೇಕೆಂದರೆ ಅವರಿಗೆ ಮೀಸೆಯ ಚಿಂತೆ ಅಷ್ಟಾಗಿ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಸೌಜನ್ಯ. 'ನಿಮ್ಮಪ್ಪ ಕೊಚ್ಚಿಕೊಂಡ ಮಂಟಪ ನೋಡಿದೆವಲ್ಲ' ಎಂಬ ಮಾತನ್ನು ಆಕೆ ಬೀಗರ ಮನೆಯಲ್ಲಿ ಒಂದು ದಿನವೂ ಕೇಳಬಾರದು ಎಂಬುದೇ ಅವರ ಆಸೆ. ಆ ಆಸೆ ಅರಳಿ ನಿಂತದ್ದನ್ನು ನೋಡಿ ಅವರ ಕಣ್ಣು ಒದ್ದೆಯಾಯಿತು.

ಒಂಬತ್ತೂವರೆಗೆ ಬಂದು ನೋಡಿದಾಗ ಮಂಟಪದ ಎಡಗಂಬ ಬೋಳಾಗಿತ್ತು!

ಮೇಷ್ಟ್ರು ಗಾಬರಿಯಿಂದ ಹೆಂಡತಿಯ ಅಣ್ಣ ಜಟ್ಟಪ್ಪನನ್ನು ಕಾವಲಿಗೆ ನಿಲ್ಲಿಸಿದರು. ಜಟ್ಟಪ್ಪ ಮೂವತ್ತು ವರ್ಷ ಫಾರೆಸ್ಟ್ ಗಾರ್ಡ್ ಆಗಿದ್ದವನು. ಕಾಡುಕೋಣಕ್ಕೂ ಹೆದರದ ಆಸಾಮಿ. ಆತ ಅರ್ಧ ಗಂಟೆಯೊಳಗೆ ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದ.

"ಭಾವ, ನನ್ನ ಕೈಲಾಗಲ್ಲ! ಕಾಡಲ್ಲಾದ್ರೆ ಕಳ್ಳರು ನನ್ನ ನೋಡಿ ಓಡ್ತಿದ್ರು. ಇವ್ರು ನನ್ನೆದುರೇ ಕಿತ್ತು ಬ್ಯಾಗಿಗೆ ಹಾಕ್ಕಂಡು, 'ತಿಂಡಿ ಆಯ್ತಾ ಜಟ್ಟಪ್ಪಣ್ಣ' ಅಂತ ನಂಗೇ ಕೇಳ್ತಾರೆ!"

"ಮದುವೆ ಮನೇಲಿ ಹೂ ಕದ್ದು ಎಂತ ಮಾಡ್ತಾರೆ ಮಾರಾಯ?"

"ಹೂ ಯಾರಿಗೆ ಬೇಕು ಭಾವ? ಹೂ ಮುರ್ದು ಎಸೀತಾರೆ. ಅವ್ರಿಗೆ ಬೇಕಾಗಿದ್ದು ಕಡ್ಡಿ!"

ಆಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಡೇರೆಗೆ ಗಡ್ಡೆಯೇ ಬೇಕೆಂದೇನಿಲ್ಲ. ಎಳೆ ಚಿಗುರಿರುವ ಒಂದು ಕಡ್ಡಿ ಸಿಕ್ಕರೆ ಸಾಕು, ಶ್ರಾವಣದ ಒದ್ದೆ ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ. ಹತ್ತು ವರ್ಷ ಬೇಡಿದರೂ ಸಿಗದ ಮೂವತ್ತನಾಲ್ಕು ಮನೆಗಳ ಗುಟ್ಟನ್ನು ಇವರು ಒಂದೂವರೆ ಅಡಿಯ ಅಳತೆಯಲ್ಲಿ ಕತ್ತರಿಸಿ, ಒಂದೇ ಕಡೆ ಕಟ್ಟಿ, ಊರಿನ ಹೆಂಗಸರಿಗೆಲ್ಲ ಲಗ್ನಪತ್ರಿಕೆ ಕೊಟ್ಟು ಕರೆದಿದ್ದರು!

ಧಾರೆಗೆ ಇನ್ನು ಹತ್ತೇ ನಿಮಿಷ. ಗಂಡು ಸುನಿಲ್, ಹೆಣ್ಣು ಸೌಜನ್ಯ ಮಂಟಪಕ್ಕೆ ಬಂದು ಕೂತಿದ್ದರು. ವಿಶಾಲಮ್ಮ ಮುಂದಿನ ಸಾಲಿನಲ್ಲಿದ್ದರು. ಫೋಟೊದವನು ಕ್ಯಾಮೆರಾ ಇಳಿಸಿ ಮೇಷ್ಟ್ರ ಕಿವಿಯಲ್ಲಿ, "ಸರ್, ಹಿಂದೆ ಬರೀ ಬಿದಿರು, ಹುಲ್ಲು ಕಾಣ್ತಿದೆ. ಕೊಟ್ಟಿಗೆ ಇದ್ದಂಗೆ ಬರುತ್ತೆ ಫೋಟೊ," ಎಂದ. ಮೇಷ್ಟ್ರು ಮೈಕಿಗೆ ಧಾವಿಸಿದರು.

"ಮಂಟಪದ ಡೇರೆ ತೆಗೆದವರು ದಯವಿಟ್ಟು ಐದು ನಿಮಿಷದಲ್ಲಿ ವಾಪಸ್ ಇಡತಕ್ಕದ್ದು!"

ಹೆಂಗಸರೆಲ್ಲ ತಮ್ಮತಮ್ಮ ಬ್ಯಾಗನ್ನು ಎದೆಗೆ ಅವುಚಿಕೊಂಡರು.

"ನನ್ನ ಹಳದಿ ತೆಗ್ದಿದ್ದು ಯಾರು?" ಕೆರಿಯಮ್ಮ ಎದ್ದು ನಿಂತಳು. ಅವಳ ಚೀಲದಿಂದ ನೇರಳೆ ಎಸಳು ಇಣುಕುತ್ತಿತ್ತು.

"ಮೊದ್ಲು ನನ್ನ ನೇರಳೆ ಎಲ್ಲಿ ಹೇಳಿ!" ನಾಗರತ್ನಮ್ಮ ಅಬ್ಬರಿಸಿದರು. ಅವರ ಸೆರಗಿನ ಮರೆಯಲ್ಲಿ ಹಳದಿ ಹೊಳೆಯುತ್ತಿತ್ತು.

ಕದ್ದವರೂ ಅವರೇ, ಕಳೆದುಕೊಂಡವರೂ ಅವರೇ! ಪುರೋಹಿತರು ಗಡಿಯಾರ ತೋರಿಸಿದರು. ಮೇಷ್ಟ್ರು ಮೈಕ್ ಕೆಳಗಿಟ್ಟು, ಕೈ ಮುಗಿದು, ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಕೇಳಿರದ ಮೆತ್ತಗಿನ ದನಿಯಲ್ಲಿ ಅಂದರು:

"ಕಡ್ಡಿ ನೀವೇ ಇಟ್ಕಳಿ ತಾಯಂದಿರಾ. ಯಾರದ್ದು ಯಾರತ್ರ ಇದೆ ಅಂತ ನಾನು ಕೇಳೋದಿಲ್ಲ. ನನ್ನ ಮಗಳ ಹಿಂದೆ ನಿಂತು, ತಾಳಿ ಕಟ್ಟೋ ಹೊತ್ತಿಗೆ ಒಂದೇ ಒಂದು ನಿಮಿಷ ಎತ್ತಿ ಹಿಡೀರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕೆರಿಯಮ್ಮ ಚೀಲ ಹಿಡಿದು ಮಂಟಪ ಹತ್ತಿದಳು. ಅವಳ ಹಿಂದೆ ನಾಗರತ್ನಮ್ಮ. ಅವರ ಹಿಂದೆ ಊರಿಗೆ ಊರೇ. ಎತ್ತರದವರು ಹಿಂದೆ, ಗಿಡ್ಡವರು ಮುಂದೆ, ಮೂರು ಸಾಲು! ಗಟ್ಟಿಮೇಳ ಶುರುವಾಗುತ್ತಿದ್ದಂತೆ ಮೇಷ್ಟ್ರು ಜೇಬಿನಿಂದ ಸೀಟಿ ತೆಗೆದು ಊದಿದರು. ಅರವತ್ತೆಪ್ಪತ್ತು ಕೈಗಳು ಒಟ್ಟಿಗೆ ಮೇಲೆದ್ದವು. ಹೂ ಮುರಿದು ಎಸೆದವರು ಅಕ್ಕಪಕ್ಕದವರ ಹೂವಿಗೇ ಕೈ ಜೋಡಿಸಿದರು. ವಧೂವರರ ಹಿಂದೆ ಬಣ್ಣದ ಗೋಡೆಯೇ ಎದ್ದು ನಿಂತಿತು. ಶಾಲೆಯ ಆಗಸ್ಟ್ ಹದಿನೈದಕ್ಕೂ ಇಷ್ಟು ಶಿಸ್ತಿನ ಡ್ರಿಲ್ ಆಗಿರಲಿಲ್ಲ. ತಾಳಿ ಬಿತ್ತು, ಅಕ್ಷತೆ ಬಿತ್ತು, ಇನ್ನೊಂದು ಸೀಟಿ! ಕೈಗಳು ಇಳಿದು ನೇರ ಬ್ಯಾಗಿನೊಳಗೆ ಹೋದವು.

"ಭೇಷ್ ಬೀಗರೆ! ಇಂಥ ಮಂಟಪ ನಾನು ಎಲ್ಲೂ ನೋಡಿರ್ಲಿಲ್ಲ," ಎಂದರು ವಿಶಾಲಮ್ಮ.

ಮೀಸೆ ಉಳಿಯಿತು. ಮಾನವೂ ಉಳಿಯಿತು. ಊಟದ ಮನೆಯಲ್ಲಿ ಮೇಷ್ಟ್ರು ಎರಡು ಹೋಳಿಗೆ ಹೆಚ್ಚೇ ತಿಂದರು. ನಮ್ಮೂರಿನ ಹೆಂಗಸರಿಗೆ ಮರ್ಯಾದೆ ಎನ್ನುವುದೇ ಇಲ್ಲ, ನಾನು ಬೆಳೆಸಿದ ಮಗಳೊಬ್ಬಳನ್ನು ಬಿಟ್ಟು, ಎಂದು ಜಟ್ಟಪ್ಪನಿಗೆ ಉಪದೇಶವನ್ನೂ ಮಾಡಿದರು.

ಮೂರು ಗಂಟೆಗೆ ಹೆಣ್ಣು ಕಳಿಸುವ ಹೊತ್ತು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮೇಷ್ಟ್ರು ಕಾರಿನ ಬಾಗಿಲು ಹಿಡಿದು ಮಕ್ಕಳ ಹಾಗೆ ಅತ್ತುಬಿಟ್ಟರು. ಒಳಗೆ ಕೂತಿದ್ದ ಮಗಳು ಅಳಲಿಲ್ಲ. ಅವಳ ಕಣ್ಣು ತನ್ನ ಕಾಲ ಬುಡದಲ್ಲಿತ್ತು. ಅಲ್ಲಿ ಒದ್ದೆ ಟವೆಲಿನಲ್ಲಿ ಸುತ್ತಿದ ತೊಡೆಗಾತ್ರದ ಒಂದು ಕಟ್ಟು. ಅದರ ಒಂದು ತುದಿಯನ್ನು ವಿಶಾಲಮ್ಮ ಭದ್ರವಾಗಿ ಹಿಡಿದುಕೊಂಡಿದ್ದರು.

"ಇದೆಂತದು ಮಗಾ?" ಮೇಷ್ಟ್ರು ಬಿಕ್ಕುತ್ತಲೇ ಕೇಳಿದರು.

"ಬೆಳಿಗ್ಗೆ ಎಂಟೂವರೆಗೇ ಮಂಟಪದ ಎಡಗಂಬದ ಹತ್ರ ಚಲೋ ಚಲೋ ಕಡ್ಡಿ ಎಲ್ಲ ನಾನೂ ಅತ್ತೆನೂ ತೆಗ್ದಿಟ್ಕಂಡ್ವಿ," ಎಂದಳು ಸೌಜನ್ಯ. "ಬಾಗಿಲು ಬಿಡಿ ಅಪ್ಪ. ಅಳೋದು ಬೇಕಾದ್ರೆ ರಾತ್ರಿ ಫೋನ್ ಮಾಡಿ ಅಳಿ. ಕತ್ತಲಾಗೋದ್ರೊಳಗೆ ಇದನ್ನ ನೆಡ್ಬೇಕು!"