ಬೇರೆಯವರ ಮನೆಯ ಹಳೆಯ ಬಾಗಿಲು

ಬೇರೆಯವರ ಮನೆಯ ಹಳೆಯ ಬಾಗಿಲು ಕಂಡರೆ ನನಗೆ ಮೈಯೆಲ್ಲ ರೋಮಾಂಚನ. ಇದನ್ನು ಕಾಯಿಲೆ ಎನ್ನುವವಳು ನನ್ನ ಹೆಂಡತಿ ಶಾಲಿನಿ. ಉದ್ಯೋಗ ಎನ್ನುವವನು ನಾನು. ಮೊದಲು ಉಡುಪಿಯಲ್ಲಿ ಯಕ್ಷಗಾನ ಉಳಿಸುವ ಟ್ರಸ್ಟಿಗೆ ಮುಖ್ಯಸ್ಥನಾಗಿದ್ದೆ, ಆಮೇಲೆ ಕಾಪುವಿನಲ್ಲಿ ಕಡಲತೀರ ಉಳಿಸುವ ಸಂಸ್ಥೆಗೆ, ಈಗ ಮಣಿಪಾಲದಲ್ಲಿ ಹಳೆಯ ಮನೆಗಳನ್ನು ಉಳಿಸುವ ಪ್ರತಿಷ್ಠಾನಕ್ಕೆ. ಇಷ್ಟೆಲ್ಲದರ ನಡುವೆ ತಲೆಗೂದಲನ್ನು ಉಳಿಸಿಕೊಳ್ಳಲಾಗಲಿಲ್ಲ, ಬಿಡಿ.

ಮೊನ್ನೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಲೀಲಕ್ಕ ಎಂಬವರ ಮನೆ ನೋಡಿದಾಗಲಂತೂ ಕುಣಿಯುವುದೊಂದು ಬಾಕಿ. ಹಲಸಿನ ಮರದ ಕೆತ್ತನೆಯ ಬಾಗಿಲು, ದಪ್ಪ ಮಣ್ಣಿನ ಗೋಡೆ, ಮುಖ ಕಾಣುವಂಥ ಕೆಂಪು ನೆಲ! ಆದರೆ ಅದನ್ನು ಕೆಡವಿಸಿ ತಾರಸಿ ಮನೆ ಕಟ್ಟಿಸಲು ಆಕೆ ಜೆಸಿಬಿಯವನಿಗೆ ಹೇಳಿಯಾಗಿತ್ತು. ನಾನು ಬಿಡುತ್ತೇನೆಯೇ? ಜಗಲಿಯಲ್ಲೇ ನಿಂತು ಭಾಷಣ ಬಿಗಿದೆ. ಮಣ್ಣಿನ ಗೋಡೆ ಕೊಡುವ ತಂಪು, ತಲೆ ಬಗ್ಗಿಸಿ ದಾಟುವ ತಗ್ಗು ಬಾಗಿಲು ಕಲಿಸುವ ವಿನಯ, ಒಂದನ್ನೂ ಬಿಡಲಿಲ್ಲ.

ಲೀಲಕ್ಕ ಎಲ್ಲ ಕೇಳಿ, "ನೀವು ಇರುವುದೆಲ್ಲಿ?" ಎಂದರು.

"ಮಣಿಪಾಲದಲ್ಲಿ. ಫ್ಲಾಟು."

"ಎಸಿ ಉಂಟಾ?"

"ಉಂಟು... ಮಲಗುವ ಕೋಣೆಯಲ್ಲಿ ಮಾತ್ರ."

"ಹಾಗಾದರೆ ಒಂದು ಕೆಲಸ ಮಾಡುವ ಮಾರಾಯ್ರೆ. ನೀವು ಹೆಂಡತಿಯೊಟ್ಟಿಗೆ ಎರಡು ದಿನ ಇಲ್ಲಿರಿ. ನಾನೂ ನಮ್ಮ ಯಜಮಾನರೂ ನಿಮ್ಮ ಫ್ಲಾಟಿನಲ್ಲಿ ಇರ್ತೇವೆ. ಆಮೇಲೂ ನೀವು ಇದೇ ಭಾಷಣ ಮಾಡಿದರೆ ಮನೆ ಒಡೆಸುವುದಿಲ್ಲ."

ಗೆದ್ದೇಬಿಟ್ಟೆ ಎಂದುಕೊಂಡು ಬಟ್ಟೆಬರೆ ಸಮೇತ ಬಂದಿಳಿದೆ. ಒಳಗೆ ಕಾಲಿಟ್ಟದ್ದೇ, ಆ ವಿನಯದ ಬಾಗಿಲು ಹಣೆಗೆ ಠಪ್ಪೆಂದು ಬಡಿಯಿತು. ನೀರು ಕುಡಿಯಲು ಹೋದರೆ ಇನ್ನೊಂದು, ಅಂಗಳದಾಚೆಯ ಬಚ್ಚಲಿಗೆ ಹೊರಟರೆ ಮತ್ತೊಂದು. ಇದನ್ನೆಲ್ಲ ಕಾಯಿಲೆ ಎನ್ನುತ್ತಿದ್ದ ಶಾಲಿನಿಯಾದರೋ ಕೆಂಪು ನೆಲದ ಮೇಲೆ ಚಾಪೆ ಹಾಸಿ, ಮದುವೆಯಾದ ಮೇಲೆ ಎಂದೂ ಮಾಡದಂಥ ನಿದ್ದೆ ಮಾಡಿದಳು.

ಲೀಲಕ್ಕ ಮರಳಿ ಬಂದು, "ಹೇಳಿ ಈಗ ನಿಮ್ಮ ಭಾಷಣ" ಎಂದರು. ನಾನು ಸೋತರೆ ಆ ಚೆಂದದ ಮನೆ ಮಣ್ಣುಪಾಲು! ವಿನಯದ ಭಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಪ್ಪಿಸಿದೆ. ಅವರು ನನ್ನ ಹಣೆಯ ಬುಗುಟೆಗಳನ್ನೇ ನೋಡುತ್ತಾ ನಕ್ಕರು.

"ಸಾಕು ಮಾರಾಯ್ರೆ. ನಿಮ್ಮ ಫ್ಲಾಟಿನಲ್ಲಿ ಎರಡು ದಿನವೂ ಎದುರುಮನೆಯ ಬಾಗಿಲು ತೆರೆದದ್ದನ್ನೇ ನೋಡಲಿಲ್ಲ. ಮಾತಾಡ್ಲಿಕ್ಕೆ ಒಂದು ಜನ ಇಲ್ಲ! ಈ ಮನೆ ಇರಲಿ. ಹಿಂದೆ ಒಂದು ಒಳ್ಳೆಯ ಬಚ್ಚಲು ಕಟ್ಟಿಸ್ತೇನೆ, ಸಾಕು."

ಸಂತೋಷ ತಡೆಯಲಾರದೆ ಶಾಲಿನಿಗೆ ಹೇಳಲು ಒಳಗೆ ಓಡಿದೆ. ಠಪ್!

ಅವಳು ನನ್ನ ಹಣೆ ತಿಕ್ಕುತ್ತಾ, "ನಾವೂ ಇಂಥದೇ ಒಂದು ಹಳೆಯ ಮನೆ ನೋಡುವ, ಅಲ್ವಾ?" ಎಂದಳು.

ಪರಂಪರೆಯ ರಕ್ಷಕನಾದ ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ನೋಡುವ. ಆದರೆ ಮೊದಲು ಅದರ ಹಳೆಯ ಬಾಗಿಲು ಕಿತ್ತು ಬಿಸಾಡಿಸಬೇಕು."